ಗೀಟಪ್ಪನವರ ತೇಪೆ

ಗೀಟಪ್ಪ ಎಂಬುದು ಅವರ ಹೆಸರಲ್ಲ. ಹುಟ್ಟಿದಾಗ ಇಟ್ಟ ಹೆಸರು ಪಿಂಚಣಿ ಪುಸ್ತಕದೊಳಗೆ ಭದ್ರವಾಗಿದೆ, ಅದನ್ನು ಯಾರೂ ಕೂಗಿ ಕರೆದಿಲ್ಲ. ಮೂವತ್ತೊಂದು ವರ್ಷ ಸರ್ಕಾರದ ಶೀಘ್ರಲಿಪಿಗಾರರಾಗಿ ರಾಜಕೀಯದವರ ಭಾಷಣಗಳನ್ನು ಪೆನ್ಸಿಲಿನಿಂದ ಗೀಟು ಗೀಟಾಗಿ ಬರೆದುಕೊಂಡದ್ದಕ್ಕೆ ಗಿರಣಿ ಸಾಲಿನ ಜನ ಕೊಟ್ಟ ಬಿರುದು ಅದು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅಂದರು. ಕೊನೆಗೆ ಹೆಂಡತಿಯೂ ಅಂಗಡಿಯವನಿಗೆ "ಸಾಮಾನು ಗೀಟಪ್ಪನೋರ ಮನೆಗೆ ಕಳಿಸಿ" ಎಂದು ಹೇಳಿದ್ದು ಕಿವಿಗೆ ಬಿದ್ದ ದಿನ ಅವರು ಸೋಲೊಪ್ಪಿಕೊಂಡರು.

ಅವರ ಕೆಲಸ ಇಷ್ಟೇ. ಊರಿನಲ್ಲಿ ಯಾರು ಬಹಿರಂಗ ಸಭೆ ಮಾಡಿದರೂ ಸರ್ಕಾರ ಇಬ್ಬರು ಶೀಘ್ರಲಿಪಿಗಾರರನ್ನು ಕಳಿಸುತ್ತಿತ್ತು. ವೇದಿಕೆಯ ಕೆಳಗೆ, ಧ್ವನಿವರ್ಧಕದ ಪೆಟ್ಟಿಗೆಯ ಮಗ್ಗುಲಲ್ಲಿ, ಒಂದು ಕಾಲು ಕುಂಟುವ ಮೇಜು, ಎರಡು ಕುರ್ಚಿ. ಎರಡೂ ತುದಿ ಚೂಪು ಮಾಡಿದ ಆರು ಪೆನ್ಸಿಲು. ಹತ್ತು ನಿಮಿಷ ಇವರು ಬರೆಯುವುದು, ಹತ್ತು ನಿಮಿಷ ಜೊತೆಯವರು. ಮರುದಿನ ಬೆಳಿಗ್ಗೆ ಗೀಟುಗಳನ್ನು ಬಿಡಿಸಿ, ಕಾರ್ಬನ್ ಇಟ್ಟು ಟೈಪು ಮಾಡಿ, ಕೆಳಗೆ "ಆಡಿದ್ದನ್ನು ಆಡಿದಂತೆಯೇ ಬರೆದಿದ್ದೇನೆ" ಎಂದು ಸಹಿ ಹಾಕಬೇಕು. ನಾಳೆ ಆ ಮುಖಂಡ "ನಾನು ಹಾಗಂದೇ ಇಲ್ಲ" ಎಂದು ಜಾರಿಕೊಳ್ಳಲು ಹೋದರೆ ಈ ಕಾಗದವನ್ನು ಮುಖಕ್ಕೆ ಹಿಡಿಯಲಿಕ್ಕೆ ಈ ಏರ್ಪಾಡು.

ಇಂಥ ಕೆಲಸ ಮಾಡಿದವನಿಗೆ ಮನುಷ್ಯರ ನಾಲಿಗೆಯ ಮೇಲೆ ನಂಬಿಕೆ ಉಳಿಯುವುದು ಹೇಗೆ ಹೇಳಿ. ಒಂದೇ ವಾರದಲ್ಲಿ ಒಬ್ಬನೇ ಮನುಷ್ಯ ಮೂರು ಮೈದಾನಗಳಲ್ಲಿ ಮೂರು ಥರ ಮಾತಾಡಿದ್ದನ್ನು ಕೈಯಾರೆ ಬರೆದವರು ಅವರು. ಮನೆಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಹಾಲಿನವನು ನಮಸ್ಕಾರ ಅಂದರೆ, ಇವತ್ತೇಕೆ ಅಂದ ಎಂದು ಯೋಚಿಸುವರು. ಅನ್ನದೆ ಹೋದರೆ ಹಾಲಿನಲ್ಲೇ ಏನೋ ಐಬಿದೆ ಎಂದು ಲೋಟವನ್ನು ಬೆಳಕಿಗೆ ಹಿಡಿದು ನೋಡುವರು. "ನಮ್ಮನೆಯವರ ಎದುರು ಕೆಮ್ಮಬೇಕಾದ್ರೂ ಕಾರಣ ಕೊಟ್ಟು ಕೆಮ್ಮಬೇಕು" ಎಂದು ಹೆಂಡತಿ ಅಕ್ಕಪಕ್ಕದವರ ಹತ್ತಿರ ಹೇಳುವುದಿತ್ತು.

ಊರನ್ನೆಲ್ಲ ಸಂಶಯಿಸುವ ಈ ಮನುಷ್ಯ ತಾವೇ ಒಂದು ಕಳ್ಳತನವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಸಭೆಯಲ್ಲಿ ಮೈಕು ಕಿರುಚುತ್ತದೆ, ಜನರೇಟರು ಕೆಮ್ಮುತ್ತದೆ, ಮುಂದೆ ಕೂತವರು ಹೊತ್ತುಗೊತ್ತಿಲ್ಲದೆ ಚಪ್ಪಾಳೆ ತಟ್ಟುತ್ತಾರೆ. ಅಂಥ ಕಡೆ "ಕೇಳಿಸಲಿಲ್ಲ" ಎಂದು ಬರೆಯಬೇಕು, ನಿಯಮ ಹಾಗಿದೆ. ನೌಕರಿಯ ಮೊದಲ ವರ್ಷ ಹಾಗೆಯೇ ಬರೆದರು. ಮೇಲಧಿಕಾರಿ ಕರೆಸಿ, ಕಾಗದವನ್ನು ಮೇಜಿನ ಮೇಲೆ ಎಸೆದು, "ಒಂದೇ ಪುಟದಲ್ಲಿ ನಾಲ್ಕು ಸಲ ಕೇಳಿಸಲಿಲ್ಲ ಅಂತಿದೆಯಲ್ರೀ. ಸರ್ಕಾರ ನಿಮಗೆ ಸಂಬಳ ಕೊಡ್ತಿರೋದು ಕಿವಿಗೋ ಮೂಗಿಗೋ?" ಎಂದರು. ಅಂದಿನಿಂದ ಗೀಟಪ್ಪನವರು ತೇಪೆ ಹಾಕುವುದನ್ನು ಕಲಿತರು.

ತೇಪೆಗೆ ಬಳಸುತ್ತಿದ್ದದ್ದು ಯಾವಾಗಲೂ ಒಂದೇ ಮಾತು. ಹೆಂಡತಿ ಜಗಳ ಮುಗಿಸಿ ಒಳಗೆ ಹೋಗುವಾಗ ಅನ್ನುವ ಮಾತು ಅದು: "ಹೇಳೋದು ಹೇಳಾಯ್ತು, ಕಿವಿ ನಿಮ್ಮದು." ಇದರಿಂದ ಯಾರ ಮೇಲೂ ಮೊಕದ್ದಮೆ ಬೀಳುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ, ಪುಟ ಮಾತ್ರ ತುಂಬುತ್ತದೆ. ಹೆಚ್ಚು ತೇಪೆ ಬಿದ್ದದ್ದು ದೊಡ್ಡವರ ಭಾಷಣಗಳಿಗೆ. ದೊಡ್ಡವರು ಎಂದರೆ ಆ ಭಾಗವನ್ನು ಇಪ್ಪತ್ತೈದು ವರ್ಷ ಆಳಿದ ಮುಖಂಡರು. ಮೈಕನ್ನು ಜೋಳದ ತೆನೆಯಂತೆ ಬಾಯಿಗೇ ಹಿಡಿದು ಮಾತಾಡುವ ಅಭ್ಯಾಸ ಅವರಿಗೆ, ಆದ್ದರಿಂದ ಮೈಕು ಕಿರುಚದ ಭಾಷಣವೇ ಇರಲಿಲ್ಲ. ಏನಿಲ್ಲವೆಂದರೂ ನಲವತ್ತು ಭಾಷಣಗಳಲ್ಲಿ ಗೀಟಪ್ಪನವರ ಹೆಂಡತಿಯ ಮಾತು ದೊಡ್ಡವರ ಮಾತಾಗಿ ಸರ್ಕಾರದ ಕಡತ ಸೇರಿತು.

ಒಂದೇ ಒಂದು ಸಲ ಅವರು ಅದಕ್ಕಿಂತ ದೊಡ್ಡ ತೇಪೆ ಹಾಕಿದರು. ಇಪ್ಪತ್ತಾರು ವರ್ಷಗಳ ಹಿಂದೆ ನೂಲಿನ ಗಿರಣಿ ಮುಚ್ಚಿದಾಗ, ಅದರ ಹಿಂದಿನ ಕಾರ್ಮಿಕರ ಮನೆಗಳನ್ನೂ ಕೆಡವುತ್ತಾರೆಂಬ ಸುದ್ದಿ ಎದ್ದಿತ್ತು. ಮೂವತ್ತೆಂಟು ಮನೆ, ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತವು. ಹನ್ನೊಂದನೆಯದು ಗೀಟಪ್ಪನವರ ಮಾವನದು, ಆಮೇಲೆ ಅವರದೇ. ದೊಡ್ಡವರು ಮೈದಾನಕ್ಕೆ ಬಂದು, "ಈ ಗಿರಣಿ ಸಾಲಿನ ಮೂವತ್ತೆಂಟು ಮನೆಯವರನ್ನ, ನಾನು ಇರಲಿ ಬಿಡಲಿ" ಎಂದರು. ಮೈಕು ಕಿಟಾರನೆ ಕಿರುಚಿತು. ಮುಂದಿನವರು ಚಪ್ಪಾಳೆ ತಟ್ಟಿದರು, ಮುಂದಿನವರು ತಟ್ಟಿದರೆಂದು ಹಿಂದಿನವರೂ ತಟ್ಟಿದರು. ಸದ್ದು ಅಡಗುವಷ್ಟರಲ್ಲಿ ದೊಡ್ಡವರು ಚರಂಡಿಯ ವಿಷಯಕ್ಕೆ ಹೋಗಿಬಿಟ್ಟಿದ್ದರು. ಜೊತೆಯವರಿಗೂ ಕೇಳಿಸಿರಲಿಲ್ಲ. ಮರುದಿನ ಗೀಟಪ್ಪನವರು ಟೈಪು ಮಾಡಿದ ಪುಟದಲ್ಲಿ ಹೀಗಿತ್ತು: "ನಾನು ಇರಲಿ ಬಿಡಲಿ, ಈ ಜಾಗದಿಂದ ಎಬ್ಬಿಸುವುದಿಲ್ಲ. ಹೇಳೋದು ಹೇಳಾಯ್ತು, ಕಿವಿ ನಿಮ್ಮದು."

ಸಾಲಿನ ಸಂಘದವರು ಇಲಾಖೆಗೆ ಅರ್ಜಿ ಹಾಕಿ ಆ ಪುಟದ ಮೊಹರು ಬಿದ್ದ ನಕಲು ಪಡೆದರು. ಒಯ್ದು ದೊಡ್ಡವರಿಗೇ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಚೆನ್ನಾಗಿಯೇ ಮಾತಾಡಿದೀನಿ. ಹೇಳಿದ ಮೇಲೆ ಮುಗೀತು" ಎಂದರಂತೆ. ತಾನು ಆಡಿದ್ದು ನೆನಪಿರುವ ರಾಜಕಾರಣಿಯನ್ನು ನಾನಂತೂ ಕಂಡಿಲ್ಲ. ಆ ಪುಟಕ್ಕೆ ಗಾಜು ಹಾಕಿಸಿ ಸಂಘದ ಕೋಣೆಯಲ್ಲಿ ತೂಗುಹಾಕಿದರು. ತೂಗುಹಾಕಿದ ಮೇಲೆ ಅದಕ್ಕೆ ಕೈಮುಗಿದರೇ ಹೊರತು ಯಾರೂ ಓದಲಿಲ್ಲ. ದೊಡ್ಡವರು ಸಾಯುವವರೆಗೂ ಯಾರೂ ಸಾಲಿನ ತಂಟೆಗೆ ಬರಲಿಲ್ಲ.

ಅವರು ತೀರಿಕೊಂಡು ಒಂಬತ್ತು ವರ್ಷ. ಈಗ ಅವರ ಮಗ, ಜನ ಚಿಕ್ಕವರು ಎನ್ನುವವರು, ಚುನಾವಣೆಗೆ ನಿಂತಿದ್ದಾರೆ. ಗಿರಣಿಯ ಜಾಗದಲ್ಲಿ ಏನನ್ನೋ ಎತ್ತರವಾಗಿ ಕಟ್ಟಿಸುವ ಉಮೇದೂ ಅವರಿಗಿದೆ. ಸಾಲಿನವರಿಗೆ ಊರಾಚೆ ಬೇರೆ ಮನೆ ಕೊಡುತ್ತಾರಂತೆ. ಜಾಗದ ಬಗ್ಗೆ ಅಧಿಕಾರಿಯ ಮುಂದೆ ವಿಚಾರಣೆ ಮಂಗಳವಾರ. ಸಾಲಿನವರ ಕೈಯಲ್ಲಿದ್ದ ಆಧಾರ ಎಂದರೆ ಗಾಜು ಹಾಕಿಸಿದ ಆ ಒಂದು ಪುಟ.

ವಿಚಾರಣೆಗೆ ಎಂಟು ದಿನ ಮುಂಚೆ, ಬೆಳಗಿನ ಹತ್ತು ಗಂಟೆಗೆ, ಸತ್ತ ದೊಡ್ಡವರು ಸಾಲಿನ ಪ್ರತಿ ಮನೆಗೂ ಫೋನು ಮಾಡಿದರು.

ಗೀಟಪ್ಪನವರ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದಳು. "ಇದು ಯಂತ್ರದಿಂದ ತಯಾರಿಸಿದ ಧ್ವನಿ" ಎಂದು ಯಾವನೋ ಒಬ್ಬ ರೈಲು ತಪ್ಪಿಹೋಗುವವನ ಅವಸರದಲ್ಲಿ ಹೇಳಿ ಮುಗಿಸಿದ. ಅದರ ಬೆನ್ನಿಗೇ ಆ ದೊಡ್ಡ ಗಂಟಲು ಬಂತು. "ಹನ್ನೊಂದನೇ ಮನೆ ಅಮ್ಮಾ, ಚೆನ್ನಾಗಿದೀರಾ? ಎಡಗಾಲಿನ ಮಂಡಿ ಹೇಗಿದೆ?" ಅವಳು ಕೈಯಲ್ಲಿದ್ದ ದಿಂಬಿನ ಚೀಲದ ಸಮೇತ ಎದ್ದು ನಿಂತಳು. "ಈ ಸಾಲಿನವರನ್ನ ಒಳ್ಳೆ ಮನೆಗೆ ಸೇರಿಸಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನಾನು ಮಾಡದೆ ಉಳಿಸಿದ್ದನ್ನ ಮಗ ಮಾಡ್ತಾನೆ. ಅಲ್ಲಿ ಲಿಫ್ಟ್ ಇದೆ, ನಿಮ್ಮ ಮಂಡಿಗೆ ಮೆಟ್ಟಿಲಿನ ತೊಂದರೆ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಡಿ. ಹೇಳೋದು ಹೇಳಾಯ್ತು, ಕಿವಿ ನಿಮ್ಮದು."

ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಗೀಟಪ್ಪನವರು ಅದನ್ನು ಮಡಿಲಿಗಿಳಿಸಿದರು.

"ಏನ್ರೀ ಇದು, ನನ್ನ ಮಾತಲ್ವಾ?" ಎಂದಳು ಹೆಂಡತಿ.

"ಎಷ್ಟೋ ಜನ ಅಂತಾರೆ ಹಾಗೆ."

"ಯಾರೂ ಅನ್ನಲ್ಲ. ನಮ್ಮಮ್ಮ ಅಂತಿದ್ಲು, ನಾನು ಅಂತೀನಿ. ದೊಡ್ಡವರಿಗೆ ಹೇಗೆ ಗೊತ್ತಾಯ್ತು?"

ಅವರು ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿದರು. ಅವಳು ಬಟ್ಟೆ ಮಡಿಸುವುದನ್ನು ಬಿಟ್ಟು ಆ ಪೇಪರನ್ನೇ ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಯಂತ್ರಕ್ಕೆ ಯಾರೋ ದೊಡ್ಡವರ ಭಾಷಣಗಳನ್ನೆಲ್ಲ ಓದಿಸಿದ್ದಾರೆ, ನಲವತ್ತು ಕಡೆ ಬಂದ ಮಾತನ್ನು ಅದು ದೊಡ್ಡವರ ಬಾಯಿಪಾಠವೆಂದೇ ತಿಳಿದಿದೆ, ಇಷ್ಟು ಅವರಿಗೆ ಕೂತಲ್ಲೇ ಹೊಳೆಯಿತು. ಓದಿಸಿದವರು ಯಾರು? ಮಂಡಿ ನೋವು ಎಡಗಾಲಿನದು ಎಂದು ಹೇಳಿದವರು ಯಾರು? ಇಲಾಖೆಯ ಗುಮಾಸ್ತನನ್ನು ಸಂಶಯಿಸಿದರು. ಔಷಧಿ ಅಂಗಡಿಯವನನ್ನು ಸಂಶಯಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ಸುತ್ತಿ ಬಳಸಿ ಅವರ ಸಂಶಯ ತಮ್ಮ ಮಗಳ ಹತ್ತಿರ ಬಂದು ಕೂತಿತು. ಮಗಳಿಗೆ ಕೆಲಸ ಚಿಕ್ಕವರ ಪ್ರಚಾರದ ಕಚೇರಿಯಲ್ಲಿ. ಏನು ಕೆಲಸ ಎಂದರೆ "ಪಟ್ಟಿ ಮಾಡೋದು" ಎನ್ನುತ್ತಿದ್ದಳು, ಅವರು ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆಯೇ ಕೇಳಿದರು. "ನಿಮ್ಮಮ್ಮನ ಮಂಡಿ ವಿಷಯ ಆ ಹೆಣಕ್ಕೆ ಹೇಳಿದ್ದು ಯಾರು?"

ಮಗಳು ತಲೆ ತಗ್ಗಿಸಲಿಲ್ಲ. "ನಾನೇ ಅಪ್ಪ. ಯಾರ ಮನೇಲಿ ಎಷ್ಟು ಜನ, ಯಾರಿಗೆ ಏನು ಕಾಯಿಲೆ, ಯಾರಿಗೆ ಏನಾಸೆ, ಅದನ್ನ ಬರೆದುಕೊಡೋದೇ ನನ್ನ ಕೆಲಸ. ಇದಕ್ಕೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಭಾಷಣಗಳನ್ನೂ ನೀನೇ ಕೊಟ್ಟೆಯಾ?"

ಅವಳು ಅಪ್ಪನ ಮುಖವನ್ನು ವಿಚಿತ್ರವಾಗಿ ನೋಡಿದಳು. "ಟ್ರಂಕು ಕೊಟ್ಟಿದ್ದು ಯಾರು, ನೆನಪಿಲ್ವಾ ನಿನಗೆ?"

ನೆನಪಾಯಿತು, ಆದರೆ ಆಗಬಾರದಿತ್ತು ಎನ್ನಿಸಿತು. ಹೋದ ವರ್ಷ ಇಬ್ಬರು ಬಂದಿದ್ದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಹಳೆಯ ಭಾಷಣಗಳನ್ನು ಕಾಪಾಡಿ ಇಡುವ ಸಂಸ್ಥೆ ಎಂದಿದ್ದರು, ಚಿಕ್ಕವರ ಕಡೆಯವರೆಂದು ಹೊಳೆದದ್ದು ಈಗ. ಇಷ್ಟು ವರ್ಷದಲ್ಲಿ ಗೀಟಪ್ಪನವರ ಗೀಟುಗಳ ಬಗ್ಗೆ ಪ್ರಶ್ನೆ ಕೇಳಿದವರು ಅವರೇ ಮೊದಲು. ಮೂರು ಗಂಟೆ ಕೂತು ಕೇಳಿದರು, ಎರಡು ಸಲ ಚಹಾ ಕುಡಿದರು, "ನಿಮ್ಮಂಥವರು ಈಗೆಲ್ಲಿ ಸಿಗ್ತಾರೆ ಸಾರ್" ಎಂದರು. ಉಪ್ಪು ಕೊಂಡರೂ ಪೊಟ್ಟಣ ಬಿಚ್ಚಿ ನೋಡುವ ಮನುಷ್ಯ ಅವರ ಗುರುತಿನ ಚೀಟಿಯನ್ನೂ ಕೇಳದೆ, ಕಾರ್ಬನ್ ಪ್ರತಿಗಳ ಟ್ರಂಕನ್ನು ಇಬ್ಬರ ಜೊತೆ ಕೈಹಾಕಿ ಎತ್ತಿ ಕಾರಿನಲ್ಲಿಟ್ಟು ಬಂದಿದ್ದರು. ಹೊಗಳಿಕೆಗೆ ಅವರು ಬಿದ್ದಷ್ಟು ಸಲೀಸಾಗಿ ಹಳ್ಳಕ್ಕೆ ಯಾರೂ ಬಿದ್ದಿರಲಾರರು.

ಮರುದಿನದಿಂದ ಅವರು ಹಳೆಯ ನೋಟುಪುಸ್ತಕ ಜೇಬಿಗಿಟ್ಟುಕೊಂಡು ಮನೆ ಮನೆ ತಿರುಗಿದರು. ಕತ್ತರಿ ಕೇಳುವ ನೆಪ, ಗಡಿಯಾರ ಸರಿಯಿದೆಯೇ ನೋಡುವ ನೆಪ, ಸುಮ್ಮನೆ ಬಂದೆ ಎಂಬ ನೆಪ. ಫೋನಿನಲ್ಲಿ ಉಳಿಸಿಕೊಂಡಿದ್ದ ಕರೆಯನ್ನು ಒಂದು ಸಲ ಕೇಳಿಸಿ ಎಂದರೆ ಮೊದಲು ಯಾರೂ ಒಪ್ಪುತ್ತಿರಲಿಲ್ಲ. ಸ್ವಂತದ್ದು ಎನ್ನುತ್ತಿದ್ದರು. ಮೈದಾನದಲ್ಲಿ ಸಾವಿರ ಜನರ ನಡುವೆ ಕೂತು ಕೇಳಿದ ಅದೇ ಗಂಟಲನ್ನು ಈಗ ಪ್ರತಿಯೊಬ್ಬರೂ ಬಚ್ಚಿಟ್ಟುಕೊಂಡಿದ್ದರು. ಮಾತಿಗೆ ಮಾತು ಎಳೆದು, ಹೇಗೋ ಹದಿನೇಳು ಮನೆಯ ಕರೆಗಳನ್ನು ಅವರು ಗೀಟಿಗಿಳಿಸಿದರು. ಗಿರಣಿಯ ಕಾವಲುಗಾರನಾಗಿದ್ದ ತೊಂಬತ್ತರ ತಾತನಿಗೆ ದೊಡ್ಡವರು ಬಿಸಿಲು ಬೀಳುವ ಕೋಣೆ ಕೊಡುತ್ತೇನೆಂದಿದ್ದರು. ಮಕ್ಕಳಿದ್ದವರಿಗೆ ಶಾಲೆ ಪಕ್ಕದಲ್ಲೇ. ಸಂಘದ ಕಾರ್ಯದರ್ಶಿ ಟೈಲರಮ್ಮನಿಗೆ ಕೆಳಗಿನ ಮಹಡಿಯ ಮೂಲೆ ಅಂಗಡಿ. ಮೂರು ಮನೆ ಆಚೆಯ ಕ್ಷೌರದವನಿಗೂ ಅದೇ ಮಹಡಿಯ ಅದೇ ಮೂಲೆ ಅಂಗಡಿ.

ಸಾಲಿನ ಗಾಳಿಯೇ ಬದಲಾಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಬಕೆಟು ತುಂಬಿಸಿಕೊಂಡು ಮಾತಿಲ್ಲದೆ ಹೋಗುತ್ತಿದ್ದರು. ಯಾರಿಗೆ ಹೆಚ್ಚು ಸಿಕ್ಕಿತೋ ಎಂದು ಒಬ್ಬರ ಮೇಲೊಬ್ಬರಿಗೆ ಕಣ್ಣು. ಮೂವತ್ತೆಂಟರಲ್ಲಿ ಹದಿನಾಲ್ಕು ಮನೆಯವರು ಒಪ್ಪಿಗೆ ಪತ್ರ ತುಂಬಿಸಿ ಇಟ್ಟುಕೊಂಡಿದ್ದಾರೆ, ಭಾನುವಾರದ ಸಂಘದ ಸಭೆಯಲ್ಲಿ ಕೊಡುತ್ತಾರೆ ಎಂದು ಗೊತ್ತಾಯಿತು. ಇಪ್ಪತ್ತು ಬಂದರೆ ಸಾಕು, ವಿಚಾರಣೆಯೇ ಬೇಕಿಲ್ಲ, ಸಾಲು ಮುಗಿಯಿತು.

ಗೀಟಪ್ಪನವರಿಗೆ ನಿದ್ದೆ ಕೆಟ್ಟದ್ದು ಬೇರೆ ಕಾರಣಕ್ಕೆ. ಯಂತ್ರ ಸುಳ್ಳು ಹೇಳುತ್ತಿದೆ ಎನ್ನುವುದು ಅವರಿಗೆ ಗೊತ್ತು. ಆದರೆ ಅಂದು ಮೈಕು ಕಿರುಚಿದಾಗ ದೊಡ್ಡವರು ನಿಜಕ್ಕೂ ಏನಂದರೆಂದು ಅವರಿಗೆ ಗೊತ್ತಿರಲಿಲ್ಲ. "ಒಳ್ಳೆ ಮನೆಗೆ ಸೇರಿಸ್ತೀನಿ" ಎಂದೇ ಅಂದಿದ್ದರೆ? ಈ ಹಾಳು ಯಂತ್ರವೇ ನಿಜ ಹೇಳುತ್ತಿದ್ದು, ತಾವೇ ಇಪ್ಪತ್ತಾರು ವರ್ಷ ಸುಳ್ಳನ್ನು ಗೋಡೆಗೆ ತೂಗುಹಾಕಿಸಿದ್ದರೆ? ಎಲ್ಲರನ್ನೂ ಸಂಶಯಿಸಿ ಮುಗಿಸಿದ ಮೇಲೆ ಅವರಿಗೆ ಉಳಿದವರು ಅವರೊಬ್ಬರೇ. ಆ ವಾರವೆಲ್ಲ ಅವರು ತಮ್ಮ ಹಿಂದೆಯೇ ಬಿದ್ದರು.

ಭಾನುವಾರ ಬೆಳಿಗ್ಗೆ ಸಂಘದ ಕೋಣೆ ಕಿಕ್ಕಿರಿದಿತ್ತು. ಟೈಲರಮ್ಮ ಮೇಜಿನ ಹಿಂದೆ ಕೂತಿದ್ದಳು. ಅವಳು ಐವತ್ತರ ವಿಧವೆ, ಕೊರಳಲ್ಲಿ ಅಳತೆಯ ಟೇಪು ಸದಾ ಇರುವುದೇ. ಸಂಘ ಕಟ್ಟಿದ್ದು ಅವಳ ಗಂಡ, ಪುಟ ತರಿಸಿದ್ದೂ ಅವನೇ. ಅವಳ ಮುಂದೆ ಒಪ್ಪಿಗೆ ಪತ್ರಗಳ ಕಟ್ಟು, ತಲೆಯ ಮೇಲೆ ಗೋಡೆಯಲ್ಲಿ ಆ ಪುಟ. ಗೀಟಪ್ಪನವರು ಮಗಳನ್ನೂ ಕರೆದುಕೊಂಡೇ ಬಂದಿದ್ದರು, ಹೆಂಡತಿ ಹೆಂಗಸರ ಜೊತೆ ಬಾಗಿಲ ಬಳಿ ಕೂತಳು.

ಗೀಟಪ್ಪನವರು ಎದ್ದು ನಿಂತು ಮೊದಲು ಮೂಲೆ ಅಂಗಡಿಯ ಮಾತು ತೆಗೆದರು. ಒಂದೇ ಅಂಗಡಿಯನ್ನು ಇಬ್ಬರಿಗೆ ಹಂಚಿದ ಧ್ವನಿಯನ್ನು ನಂಬುವುದು ಹೇಗೆ ಎಂದರು. ಕ್ಷೌರದವನು ಟೈಲರಮ್ಮನನ್ನು ನೋಡಿದ, ಟೈಲರಮ್ಮ ಕ್ಷೌರದವನನ್ನು ನೋಡಿದಳು.

"ನನಗೆ ದೊಡ್ಡವರು ಬಾಯಿಬಿಟ್ಟು ಹೇಳಿದಾರೆ. ಇವನಿಗೆ ಯಾವ ಅಂಗಡಿ? ಕೇಳಿಸ್ಕೊಂಡು ಬಂದು ತನ್ನದು ಅಂತಿದಾನೆ" ಎಂದಳು ಅವಳು.

"ನನ್ನ ಫೋನಲ್ಲೇ ಇದೆ. ಬೇಕಾದ್ರೆ ನಿಮ್ಮದನ್ನ ತೋರಿಸಿ" ಎಂದ ಅವನು.

ಇಬ್ಬರೂ ತೋರಿಸಲಿಲ್ಲ. ಧ್ವನಿಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಪಕ್ಕದವರ ಮೇಲೆ ಬಂತು. ಕಾವಲುಗಾರ ತಾತ ಕೋಲು ಕುಟ್ಟಿ, "ದೊಡ್ಡವರು ನನ್ನ ಹೆಸರು ಹಿಡಿದು ಕರೆದ್ರು ಕಣಪ್ಪ. ನನ್ನ ಮಕ್ಕಳೇ ಕರೆದು ಎಷ್ಟು ದಿನ ಆಯ್ತು" ಎಂದು ಕಣ್ಣೊರೆಸಿಕೊಂಡ. ಆಮೇಲೆ ಹೇಳುವುದಕ್ಕೆ ಗೀಟಪ್ಪನವರ ಹತ್ತಿರ ಒಂದೇ ಮಾತು ಉಳಿಯಿತು.

"ಆ ಧ್ವನಿ ಕೊನೇಲಿ ಒಂದು ಮಾತು ಹೇಳುತ್ತಲ್ಲ," ಎಂದರು, "ಹೇಳೋದು ಹೇಳಾಯ್ತು ಅಂತ. ಅದು ದೊಡ್ಡವರ ಮಾತಲ್ಲ. ಅವರು ಬದುಕಿದ್ದಾಗ ಒಂದು ಸಲಾನೂ ಹಾಗಂದಿಲ್ಲ. ಅದು ನನ್ನ ಹೆಂಡತಿ ಮಾತು. ಮೈಕು ಕೈಕೊಟ್ಟ ಕಡೆಯೆಲ್ಲ ಅದನ್ನ ಬರೆದವನು ನಾನು. ಯಂತ್ರಕ್ಕೆ ನನ್ನ ಕಾಗದ ಓದಿಸಿದಾರೆ. ನೀವು ಕೇಳಿ ಅತ್ತಿದ್ದು ದೊಡ್ಡವರನ್ನಲ್ಲ."

ಒಂದಿಬ್ಬರು ನಕ್ಕರು. ಬಾಗಿಲ ಬಳಿಯ ಹೆಂಗಸರು ಗೀಟಪ್ಪನವರ ಹೆಂಡತಿಯ ಕಡೆ ತಿರುಗಿದರು, ಅವಳ ಮಾತು ಅವರಿಗೂ ಗೊತ್ತಿದ್ದದ್ದೇ. ಕಾವಲುಗಾರ ತಾತ ಫೋನನ್ನು ಜೇಬಿನಿಂದ ತೆಗೆದು, ಅಪರಿಚಿತ ವಸ್ತುವನ್ನು ನೋಡುವಂತೆ ನೋಡಿದ. ಗೆದ್ದೆ ಎಂದು ಗೀಟಪ್ಪನವರಿಗೆ ಅನ್ನಿಸಿದ್ದು ಅರ್ಧ ನಿಮಿಷ.

ಟೈಲರಮ್ಮ ಕುರ್ಚಿಯಿಂದ ಎದ್ದು ಗೋಡೆಯತ್ತ ತಿರುಗಿ ಗಾಜಿನೊಳಗಿನ ಪುಟವನ್ನು ಓದಿದಳು. ಬಟ್ಟೆಯ ಹೊಲಿಗೆ ನೋಡುವ ಕಣ್ಣು ಅದು, ಎಲ್ಲಿ ಬಿಟ್ಟಿದೆ ಎಂದು ಅದಕ್ಕೆ ತಕ್ಷಣ ಕಾಣುತ್ತದೆ.

"ಈ ಪುಟದಲ್ಲೂ ಆ ಮಾತಿದೆ," ಎಂದಳು. "ಎಬ್ಬಿಸೋದಿಲ್ಲ ಅನ್ನೋದರ ಪಕ್ಕದಲ್ಲೇ ಇದೆ. ಹಾಗಾದ್ರೆ ಇಲ್ಲೂ ಮೈಕು ಕೈಕೊಟ್ಟಿತ್ತಾ, ಯಜಮಾನ್ರೇ?"

ಇಲ್ಲ ಎಂದಿದ್ದರೆ ಮುಗಿದಿತ್ತು. ಮೂವತ್ತೊಂದು ವರ್ಷ ಇನ್ನೊಬ್ಬರ ಸುಳ್ಳನ್ನು ನಿಖರವಾಗಿ ಬರೆದ ಮನುಷ್ಯನಿಗೆ ಸ್ವಂತದ್ದೊಂದು ಹೇಳಲು ಅಭ್ಯಾಸ ಸಾಲದಾಯಿತು. "ಕೊಟ್ಟಿತ್ತು," ಎಂದರು. "ಎಬ್ಬಿಸೋದಿಲ್ಲ ಅಂದಿದ್ದು ನನಗೆ ಕೇಳಿಸಲಿಲ್ಲ. ನಾನೇ ಬರೆದೆ."

ಟೈಲರಮ್ಮ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತ ಹೋದಳು. ಅವಳ ದನಿ ಮೆಲ್ಲಗಿತ್ತು.

"ಮಗಳಿಗೆ ಚಿಕ್ಕವರ ಆಫೀಸಲ್ಲಿ ಕೆಲಸ. ನಾಡಿದ್ದು ವಿಚಾರಣೆ. ಇಪ್ಪತ್ತಾರು ವರ್ಷ ಈ ಪುಟದ ಕೆಳಗೆ ಕೂತು ನಮ್ಮ ಜೊತೆ ಚಹಾ ಕುಡಿದವರು, ಇವತ್ತು ಬಂದು ಪುಟಾನೇ ಸುಳ್ಳು ಅಂತಾರೆ. ಎಷ್ಟಕ್ಕೆ ಮಾತಾಡಿಕೊಂಡ್ರಿ?"

"ತಾಯಿ, ನಾನೂ ಇದೇ ಸಾಲಿನವನು. ನನ್ನ ಮನೇನೂ ಹೋಗುತ್ತೆ."

"ನಿಮಗೆ ಅಲ್ಲಿ ಎರಡು ಕೊಟ್ಟಿರಬಹುದು."

ಏನು ಹೇಳಿದರೂ ಅದಕ್ಕೊಂದು ಹಿಂಬದಿ ಹುಡುಕುತ್ತಾರೆಂದು ಗೀಟಪ್ಪನವರಿಗೆ ಅರ್ಥವಾಯಿತು, ಏಕೆಂದರೆ ಅವರೂ ಹಾಗೆಯೇ ಹುಡುಕುತ್ತಿದ್ದವರು. ಮಗಳು ಎದ್ದು, ಅಪ್ಪ ಯಾರ ಹತ್ತಿರವೂ ಏನೂ ತೆಗೆದುಕೊಂಡಿಲ್ಲ, ಪಟ್ಟಿ ಕೊಟ್ಟವಳು ನಾನು, ನಾಳೆಯೇ ಕೆಲಸ ಬಿಡುತ್ತೇನೆ ಎಂದಳು. "ಕೆಲಸ ಮುಗೀತು, ಬಿಡ್ತೀಯ" ಎಂದ ಕ್ಷೌರದವನು.

ಆದರೆ ಒಂದು ವಿಚಿತ್ರ ನಡೆಯಿತು. ಗೀಟಪ್ಪನವರನ್ನು ಚಿಕ್ಕವರು ಕೊಂಡಿದ್ದಾರೆ ಎಂದಾದ ಮೇಲೆ, ಚಿಕ್ಕವರಿಗೆ ಈ ಪುಟದ ಭಯವಿದೆ ಎಂದೂ ಆಯಿತು. ಭಯವಿದ್ದವರು ಕಳಿಸಿದ ಧ್ವನಿಯನ್ನು ನಂಬುವುದು ಹೇಗೆ? ಟೈಲರಮ್ಮನೇ ಮೊದಲು ತನ್ನ ಒಪ್ಪಿಗೆ ಪತ್ರವನ್ನು ಕಟ್ಟಿನಿಂದ ಎಳೆದು ನಾಲ್ಕಾಗಿ ಹರಿದಳು. ಕ್ಷೌರದವನು ಅವಳ ಕೈಯನ್ನೇ ನೋಡುತ್ತಿದ್ದು, ಅದು ಅವಳದೇ ಪತ್ರವೆಂದು ಖಾತ್ರಿ ಮಾಡಿಕೊಂಡು ತನ್ನದನ್ನೂ ಹರಿದ.

ಕಾವಲುಗಾರ ತಾತ ಕೋಲು ಊರಿ ನಿಂತ. "ಇವನಿಗೆ ಕೇಳಿಸದಿದ್ರೆ ಇವನ ಕಿವಿ ಕೆಟ್ಟಿತ್ತು. ನಾನು ಮೂರನೇ ಸಾಲಲ್ಲಿ ಕೂತಿದ್ದೆ. ಎಬ್ಬಿಸೋದಿಲ್ಲ ಅಂದ್ರು. ಈ ಎರಡು ಕಿವಿಯಾರೆ ಕೇಳಿದೀನಿ."

"ನಾನೂ ಕೇಳಿದೀನಿ" ಎಂದಿತು ಇನ್ನೊಂದು ದನಿ. ಆಮೇಲೆ ಮತ್ತೊಂದು. ಅಂದು ಆರು ವರ್ಷದವನಾಗಿದ್ದವನೂ ಕೇಳಿದ್ದ. ಕೇಳಿದವರೆಲ್ಲ ಅಧಿಕಾರಿಯ ಮುಂದೆ ಸಾಕ್ಷಿ ಹೇಳುವುದೆಂದು ತೀರ್ಮಾನವಾಯಿತು. ಟೈಲರಮ್ಮ ಬಿಳಿ ಹಾಳೆಯ ಮೇಲೆ ಎರಡು ಸಾಲು ಬರೆದು ಸಹಿಗೆ ಕಳಿಸಿದಳು. ಹಾಳೆ ಕೈಯಿಂದ ಕೈಗೆ ದಾಟಿ ಗೀಟಪ್ಪನವರ ಹತ್ತಿರ ಬಂತು. ಅವರ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಹೋಯಿತು.

"ಅವರಿಗೆ ಬೇಡ, ಮುಂದೆ ಕೊಡಿ" ಎಂದಳು ಟೈಲರಮ್ಮ.

ಹಾಳೆ ಅವರ ಮೂಗಿನ ಕೆಳಗಿನಿಂದಲೇ ಮುಂದೆ ಹೋಯಿತು. ಸಾವಿರಾರು ಪುಟಗಳಿಗೆ ಸಹಿ ಹಾಕಿದ ಮನುಷ್ಯನಿಗೆ ಅದು ಕೆನ್ನೆಗೆ ಹೊಡೆದ ಹಾಗಿತ್ತು, ಹಾಗೆಂದು ಆಮೇಲೆ ಅವರೇ ಒಪ್ಪಿಕೊಂಡರು. ಬಾಗಿಲ ಬಳಿ ಹಾಳೆ ನಿಂತಿತು. ಅವರು ತಿರುಗಿ ನೋಡಿದರೆ, ಹೆಂಡತಿ ಪಕ್ಕದವಳಿಂದ ಪೆನ್ನು ಇಸಿದುಕೊಳ್ಳುತ್ತಿದ್ದಳು.

"ನೀವು ಅವತ್ತು ಇದ್ರಾ?" ಎಂದಳು ಟೈಲರಮ್ಮ.

"ಇದ್ದೆ. ನನಗೂ ಕೇಳಿಸಿತ್ತು" ಎಂದಳು ಹೆಂಡತಿ. ಗಂಡನ ಕಡೆ ನೋಡದೆ, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡು, ಅಕ್ಷರ ಅಕ್ಷರ ಬಿಡಿಸಿ ತನ್ನ ಹೆಸರು ಬರೆದಳು.

ಅವಳು ಅಂದು ಮೈದಾನದಲ್ಲಿ ಇರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿದ್ದಳು, ಮಗಳು ಹುಟ್ಟಿ ಎರಡು ದಿನವಾಗಿತ್ತು. ಭಾಷಣ ಮುಗಿದ ಮೇಲೆ ಗೀಟಪ್ಪನವರು ಸೀದಾ ಅಲ್ಲಿಗೆ ಹೋಗಿದ್ದರು. ಕೂಸನ್ನು ಎತ್ತಿ ಆಡಿಸಿ ಮತ್ತೆ ತಾಯಿಯ ಮಗ್ಗುಲಿಗಿಟ್ಟು, ಇದನ್ನು ಯಾವ ಮನೆಗೆ ಕರೆದುಕೊಂಡು ಹೋಗುವುದು ಎಂದು ಹೆದರಿಕೊಂಡೇ ಮನೆಗೆ ಬಂದು ಮಲಗಿ, ಬೆಳಿಗ್ಗೆ ಟೈಪು ಯಂತ್ರದ ಮುಂದೆ ಕೂತು "ಎಬ್ಬಿಸುವುದಿಲ್ಲ" ಎಂದು ಒತ್ತಿದ್ದರು. ಇದು ಅವರಿಗೆ ಗೊತ್ತು. ಗೋಡೆಯ ಪುಟದ ಮೇಲಿನ ತಾರೀಖು ಓದಿದ ಮಗಳಿಗೂ ಗೊತ್ತಾಯಿತು. ಅವಳು ಅಮ್ಮನನ್ನು ನೋಡಿ, ಅಪ್ಪನನ್ನು ನೋಡಿ, ನೆಲ ನೋಡಿದಳು.

ಮೂವರೂ ಮನೆಗೆ ಬಂದರು. ಮಗಳು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹೆಂಡತಿ ತಟ್ಟೆ ಹಾಕಿ ಬಡಿಸಿದಳು. ಗೀಟಪ್ಪನವರು ಅನ್ನ ಕಲಸುತ್ತಲೇ ಇದ್ದರು, ತುತ್ತು ಮೇಲೇಳಲಿಲ್ಲ.

"ಅವತ್ತು ನೀನು ಆಸ್ಪತ್ರೇಲಿದ್ದೆ" ಎಂದರು.

"ಹೌದು."

"ಆಸ್ಪತ್ರೆಗೂ ಮೈದಾನಕ್ಕೂ ಎರಡು ಮೈಲಿ."

"ಇರಬಹುದು. ಕಿಟಕಿ ತೆಗೆದಿತ್ತು" ಎಂದು ಅವಳು ನೀರಿನ ಲೋಟವನ್ನು ಅವರ ಬಲಗೈಯ ಹತ್ತಿರ ಸರಿಸಿದಳು.

ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ವಾರ್ಡು ಯಾವ ದಿಕ್ಕಿಗಿತ್ತು, ಎರಡು ಮೈಲಿ ದೂರ ಕೇಳಿಸಿದ್ದು ಮೈಕಿನ ಬುಡದಲ್ಲಿ ಕೂತವನಿಗೆ ಏಕೆ ಕೇಳಿಸಲಿಲ್ಲ, ಕೇಳಬೇಕಾದ ಪ್ರಶ್ನೆಗಳೆಲ್ಲ ಅವರ ನಾಲಿಗೆಯ ತುದಿಗೇ ಬಂದು ನಿಂತವು. ಗೀಟಪ್ಪನವರು ಅವುಗಳಲ್ಲಿ ಒಂದನ್ನೂ ಕೇಳಲಿಲ್ಲ. ತಟ್ಟೆಯಿಂದ ಕೈ ತೆಗೆದು, ಸ್ವಲ್ಪ ಮುಂದಕ್ಕೆ ಬಾಗಿದರು.

"ಏನಂದ್ರು?" ಎಂದು ಕೇಳಿದರು.

"ಎಬ್ಬಿಸೋದಿಲ್ಲ ಅಂದ್ರು" ಎಂದಳು ಹೆಂಡತಿ.

ಎಷ್ಟೋ ಜನರ ಮಾತು ಕೇಳುವುದಕ್ಕೆ ಸಂಬಳ ತೆಗೆದುಕೊಂಡ ಆ ಮನುಷ್ಯ, ಯಾರ ಮಾತನ್ನೂ ನಂಬಬೇಕೆಂದು ಅಷ್ಟು ಆಸೆಪಟ್ಟಿರಲಿಲ್ಲ. "ಇನ್ನೊಂದು ಸಲ ಹೇಳು" ಎಂದರು.